ರೆಂಬ್ರಾಂಟ್‌ನ ನೆರಳು ನಮ್ಮ ಹಾಲ್‌ನ ಗೋಡೆಗೆ

ಹುಲಿಯೂರುದುರ್ಗ, ಕುಣಿಗಲ್, ಗುಬ್ಬಿ ಕಡೆ ಈಚೆಗೆ ಎದ್ದ ಮನೆಗಳ ಹಾಲ್‌ನಲ್ಲಿ ಒಂದು ದೊಡ್ಡ ಖಾಲಿ ಗೋಡೆ ಇದ್ದೇ ಇರುತ್ತದೆ. ಗೃಹಪ್ರವೇಶಕ್ಕೆ ಬಂದ ಉಡುಗೊರೆಗಳಲ್ಲಿ ಒಂದು ಆ ಗೋಡೆ ಏರುತ್ತದೆ. ಬಹಳ ಸಲ ಅದು ವಾಸ್ತುವಿನ ಏಳು ಬಿಳಿ ಕುದುರೆಗಳ ಪ್ರಿಂಟು. ನಿಜವಾದ ಕುದುರೆ ಫಾರಂ ಇರುವ ಕುಣಿಗಲ್‌ನಲ್ಲೂ ಗೋಡೆಯ ಮೇಲೆ ಓಡುವುದು ಅವೇ.

ಈ ನಡುವೆ ಕೆಲವರಿಗೆ ಬೇರೆ ಆಸೆ ಹುಟ್ಟಿದೆ. ಮೊಬೈಲಿನಲ್ಲೋ ಬೆಂಗಳೂರಿನ ಯಾವುದೋ ಹೋಟೆಲಿನಲ್ಲೋ ಕಂಡ ಹಳೆಯ ಯುರೋಪಿನ ಭಾವಚಿತ್ರ: ಹಿಂದೆ ಗವ್ವೆನ್ನುವ ಕತ್ತಲೆ, ಒಂದು ಪಕ್ಕದಿಂದ ಬಿದ್ದ ಬೆಳಕು, ಆ ಬೆಳಕಿನಲ್ಲಿ ಅರ್ಧ ಮುಖ. ಅಂಥದ್ದನ್ನು ಕೈಯಲ್ಲೇ ಬರೆಸಿ ಮನೆಗೆ ಹಾಕಬಹುದೇ? ಧಾರಾಳವಾಗಿ ಹಾಕಬಹುದು. ಬರೆಯಬಲ್ಲವರು ತುಮಕೂರು, ಮೈಸೂರು, ಬೆಂಗಳೂರುಗಳಲ್ಲೇ ಇದ್ದಾರೆ. ಆದರೆ ಅಳತೆ ಕೊಟ್ಟು ಬಂದು ಮುಂದಿನ ವಾರ ತರುವ ಸರಕಲ್ಲ ಇದು. ಚಿತ್ರ ಹೇಗೆ ತಯಾರಾಗುತ್ತದೆ ಎಂದು ತಿಳಿದುಕೊಂಡು ಹೋದವರು ಮೋಸ ಹೋಗುವುದಿಲ್ಲ, ಕಲಾವಿದರ ಪ್ರಾಣವನ್ನೂ ತಿನ್ನುವುದಿಲ್ಲ.

ಸುಮಾರು 1600ರಿಂದ 1750ರವರೆಗಿನ ಯುರೋಪಿನ ಕಲೆಗೆ ಬರೋಕ್ ಎನ್ನುತ್ತಾರೆ. ಇಟಲಿಯ ಕಾರವಾಜ್ಜೊ, ಈಗಿನ ಬೆಲ್ಜಿಯಂ ಭಾಗದ ರೂಬೆನ್ಸ್, ಸ್ಪೇನಿನ ವೆಲಾಸ್ಕೆಸ್, ಡಚ್ಚರ ಫ್ರಾನ್ಸ್ ಹಾಲ್ಸ್, ರೆಂಬ್ರಾಂಟ್, ವರ್ಮೀರ್ ಈ ಕಾಲದ ದೊಡ್ಡ ಹೆಸರುಗಳು. ಅವರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಮನೆಗೆ ಚಿತ್ರ ಬರೆಸುವವರಿಗೆ ಬೇಕಾದ ವಿಷಯ ಒಂದೇ: ಇಲ್ಲಿ ಮುಖವನ್ನು ಗೆರೆಯಿಂದ ಕಟ್ಟಿಲ್ಲ, ಬೆಳಕು ನೆರಳಿನಿಂದ ಕಟ್ಟಿದ್ದಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ಹಾಲೆಂಡಿಗೆ ಹೋಗಬೇಕಿಲ್ಲ. ಹುಲಿಯೂರುದುರ್ಗದಿಂದ ಮದ್ದೂರಿಗೆ ಇಳಿದು ಮೈಸೂರು ದಾರಿ ಹಿಡಿದರೆ ಸಾಕು. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಬಂದವರು ಬೇರೆಲ್ಲ ಮರೆತರೂ ದೀಪ ಹಿಡಿದ ಹೆಂಗಸನ್ನು ಮರೆಯುವುದಿಲ್ಲ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳ ಸಂದಿಯಲ್ಲಿ ಕೆಂಪು, ಮುಖದಲ್ಲಿ ಹೊಂಬಣ್ಣ, ಉಳಿದದ್ದೆಲ್ಲ ಕತ್ತಲೆ. ರವಿವರ್ಮನದ್ದೆಂದು ಎಷ್ಟೋ ಜನ ಹೇಳುವ ಆ ಚಿತ್ರ ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್, 1945-46ರ ಸುಮಾರಿಗೆ. ರೂಪದರ್ಶಿಯಾಗಿ ನಿಂತವರು ಅವರ ಮಗಳು. ಅದು ತೈಲಚಿತ್ರವೂ ಅಲ್ಲ, ಕಾಗದದ ಮೇಲಿನ ಜಲವರ್ಣ. ಬರೋಕ್ ಕಾಲಕ್ಕೂ ಅದಕ್ಕೂ ಇನ್ನೂರು ವರ್ಷಗಳ ಅಂತರವಿದೆ. ಆದರೂ ಒಂದೇ ದೀಪದಿಂದ ಇಡೀ ಮುಖ ಎಬ್ಬಿಸುವ ವಿದ್ಯೆ ಅದೇ. ರೆಂಬ್ರಾಂಟ್ ಬರೆಸಬೇಕೆನ್ನುವವರು ಮೊದಲು ಅದನ್ನು ನೋಡಿ ಬರುವುದು ಒಳ್ಳೆಯದು.

ಯಾವ ಚಿತ್ರ, ಎಷ್ಟು ದೊಡ್ಡದು

ಮೊದಲ ಸಲ ಬರೆಸುವವರು ಎದೆಮಟ್ಟದ, ಒಂದೇ ಮುಖದ ಚಿತ್ರ ಆರಿಸಿಕೊಳ್ಳಲಿ. ಕೈಗಳು ಕಾಣಿಸಿದಷ್ಟೂ ಕೆಲಸ ಹೆಚ್ಚು, ಕೂಲಿ ಹೆಚ್ಚು, ಕೆಡುವ ಸಂಭವವೂ ಹೆಚ್ಚು. ಕಸೂತಿ ಕಾಲರು, ರೇಷ್ಮೆ ತೋಳು ತುಂಬಿದ ಚಿತ್ರಗಳದ್ದೂ ಇದೇ ಕತೆ. ಫ್ರಾನ್ಸ್ ಹಾಲ್ಸ್ 1624ರಲ್ಲಿ ಬರೆದ, ಮೀಸೆಯಡಿ ನಗುವ ಸರದಾರನ ಚಿತ್ರ ನೋಡಿದವರಿಗೆಲ್ಲ ಇಷ್ಟವಾಗುತ್ತದೆ. ಆದರೆ ಆ ತೋಳಿನ ಕಸೂತಿ ಬರೆಯುವಷ್ಟರಲ್ಲಿ ಕಲಾವಿದ ಇನ್ನೆರಡು ಮುಖ ಬರೆದು ಮುಗಿಸಿರುತ್ತಾನೆ. ರೆಂಬ್ರಾಂಟ್‌ನ ‘ನೈಟ್ ವಾಚ್’ ಬೇಕು ಎನ್ನುವವರೂ ಇದ್ದಾರೆ. ಮೂಲದಲ್ಲಿ ಅದರ ಅಗಲವೇ ನಾಲ್ಕೂವರೆ ಮೀಟರು. ಸೋಫಾ ಮೇಲಿನ ಮೂರಡಿ ಜಾಗಕ್ಕೆ ಅದನ್ನು ಕುಗ್ಗಿಸಿದರೆ ಯಾರ ಮುಖವೂ ಉಳಿಯುವುದಿಲ್ಲ.

ಹಿಗ್ಗಿಸಿದರೂ ಅಷ್ಟೇ ಅನಾಹುತ. ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ ಮೂಲದಲ್ಲಿ 44.5 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲ. ಒಂದೂವರೆ ಅಡಿಯೂ ಇಲ್ಲ. ಆ ಹುಡುಗಿಯನ್ನು ನಾಲ್ಕಡಿ ಮಾಡಿಸಿದರೆ ಸಿನಿಮಾ ಪೋಸ್ಟರಿನ ಮುಖವಾಗುತ್ತಾಳೆ. ಮೂಲದ ಅಳತೆಯ ಆಸುಪಾಸಿನಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಆಸುಪಾಸು ಎಂದದ್ದಕ್ಕೂ ಕಾರಣವಿದೆ: ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ ತನ್ನಲ್ಲಿ ಕೂತು ನಕಲು ಬರೆಯುವವರಿಗೆ ಮೂಲದ ಅಳತೆಯಲ್ಲೇ ಬರೆಯಲು ಬಿಡುವುದಿಲ್ಲ, ಸಹಿ ನಕಲಿಸಲೂ ಬಿಡುವುದಿಲ್ಲ. ಪ್ರತಿ ಪ್ರತಿಯಾಗಿಯೇ ಉಳಿಯಲಿ ಎಂದು. ನಾವೂ ಅದೇ ನಿಯಮ ಇಟ್ಟುಕೊಂಡರೆ ತಪ್ಪೇನಿಲ್ಲ.

ಮೂಲದ ಫೋಟೊ ಎಲ್ಲಿಂದ ತರುವುದು? ವಾಟ್ಸಪ್‌ನಲ್ಲಿ ಬಂದದ್ದು ಬೇಡ. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಹಳೆಯ ಚಿತ್ರಗಳ ದೊಡ್ಡ ಫೈಲುಗಳನ್ನು ಪುಕ್ಕಟೆ ಕೊಡುತ್ತವೆ. ಕಣ್ಣಿನ ರೆಪ್ಪೆಯ ಮೇಲೆ ಕುಂಚ ಹೇಗೆ ಓಡಿದೆ ಎನ್ನುವವರೆಗೂ ಹಿಗ್ಗಿಸಿ ನೋಡಬಹುದು. ರೆಂಬ್ರಾಂಟ್ 1659ರಲ್ಲಿ ಬರೆದುಕೊಂಡ ಆತ್ಮಚಿತ್ರ ಇರುವುದು ವಾಷಿಂಗ್ಟನ್ನಿನಲ್ಲೇ. ಕೈಯೆಲ್ಲ ನೆರಳಲ್ಲಿ ಅಡಗಿ ಮುಖವೊಂದೇ ಮುಂದೆ ಬರುವ ಆ ಚಿತ್ರ ಮನೆಗೆ ಹೇಳಿ ಮಾಡಿಸಿದಂತಿದೆ. ಆರಿಸಿದ ಫೈಲನ್ನು ಒಳ್ಳೆಯ ಲ್ಯಾಬಿನಲ್ಲಿ ಪ್ರಿಂಟು ಹಾಕಿಸಿ ಕಲಾವಿದರ ಕೈಗೆ ಕೊಡಿ. ನಿಮ್ಮ ಮೊಬೈಲಿನ ಹಳದಿಯೇ ಬೇರೆ, ಅವರ ಮೊಬೈಲಿನ ಹಳದಿಯೇ ಬೇರೆ. ಕಾಗದದ ಮೇಲಿನ ಬಣ್ಣದ ಬಗ್ಗೆ ಜಗಳವಿರುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ನಮ್ಮ 1957ರ ಕಾಯ್ದೆಯಂತೆ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ನಡೆಯುತ್ತದೆ. ರೆಂಬ್ರಾಂಟ್ ತೀರಿಕೊಂಡದ್ದು 1669ರಲ್ಲಿ, ರವಿವರ್ಮ 1906ರಲ್ಲಿ. ಅವರ ಚಿತ್ರಗಳ ಪ್ರತಿ ಯಾರು ಬೇಕಾದರೂ ಮಾಡಬಹುದು, ಮಾರಬಹುದು. ಹಲ್ದಂಕರ್ ತೀರಿಕೊಂಡದ್ದು 1968ರಲ್ಲಾದ್ದರಿಂದ ದೀಪ ಹಿಡಿದ ಹೆಂಗಸಿನ ಲೆಕ್ಕ 2028ರ ಕೊನೆಯವರೆಗೆ ಹೋಗುತ್ತದೆ. ಅಂಗಡಿಗಳಲ್ಲಿ ಅದರ ಪ್ರತಿಗಳು ರಾಶಿ ಬಿದ್ದಿವೆ ಎನ್ನುವುದು ಬೇರೆ ಮಾತು.

ಪದರದ ಮೇಲೆ ಪದರ

ಈಗ ಮುಖ್ಯ ವಿಷಯ. ಬರೋಕ್ ಭಾವಚಿತ್ರದ ಒಳ್ಳೆಯ ಪ್ರತಿ ಒಂದೇ ಏಟಿಗೆ ಬರೆದದ್ದಲ್ಲ. ಹಣ ಹೋಗುವುದು ಬಣ್ಣಕ್ಕಿಂತ ಹೆಚ್ಚಾಗಿ ಪದರಗಳಿಗೆ, ಆ ಪದರಗಳು ಒಣಗುವ ಸಮಯಕ್ಕೆ.

ಕ್ಯಾನ್ವಾಸು ಹತ್ತಿಯದೂ ಬರುತ್ತದೆ, ಅಗಸೆ ನಾರಿನ ಲಿನನ್ನೂ ಬರುತ್ತದೆ. ಲಿನನ್ ದುಬಾರಿ, ಬಾಳಿಕೆ ಹೆಚ್ಚು. ಬರಿಯ ಬಟ್ಟೆಗೆ ಎಣ್ಣೆ ತಾಗಿದರೆ ಕಾಲಾಂತರದಲ್ಲಿ ಬಟ್ಟೆ ಲಡ್ಡಾಗುತ್ತದೆ. ಅದಕ್ಕೇ ಮೊದಲು ಜೆಸ್ಸೊ ಎಂಬ ಬಿಳಿ ಲೇಪ ಎರಡು ಮೂರು ಕೋಟು ಹೊಡೆದು, ಮರಳು ಕಾಗದದಲ್ಲಿ ಉಜ್ಜಿ ನಯ ಮಾಡುತ್ತಾರೆ. ಅದರ ಮೇಲೆ ತೆಳುವಾಗಿ ಕಂದೋ ಬೂದಿಯೋ ಬಳಿದು ಬಿಳುಪನ್ನು ಮುಚ್ಚುತ್ತಾರೆ. ಈ ನೆಲಬಣ್ಣವೇ ಮುಂದೆ ನೆರಳುಗಳ ಮೂಲಕ ಇಣುಕುವುದು. ರೆಂಬ್ರಾಂಟ್‌ನ ಕಾರ್ಖಾನೆಯಲ್ಲಂತೂ 1642ರಿಂದ ಈಚೆಗೆ ಮರಳು ಬೆರೆತ ಜೇಡಿಮಣ್ಣನ್ನೇ ಎಣ್ಣೆಯಲ್ಲಿ ಕಲಸಿ ನೆಲಬಣ್ಣ ಮಾಡುತ್ತಿದ್ದರು. ಜಗತ್ತಿನ ಅತಿ ಬೆಲೆಬಾಳುವ ಚಿತ್ರಗಳ ಅಡಿಯಲ್ಲಿ ಕುಂಬಾರನ ಮಣ್ಣಿದೆ.

ನಂತರ ರೇಖೆ. ಫೋಟೊ ಮೇಲೆ ಚೌಕ ಹಾಕಿ, ಕ್ಯಾನ್ವಾಸಿನ ಮೇಲೂ ಅದೇ ಲೆಕ್ಕದ ಚೌಕ ಹಾಕಿ, ಒಂದೊಂದೇ ಚೌಕ ತುಂಬುವ ಹಳೆಯ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಬೋರ್ಡು ಬರೆಯುವವರು, ಸಿನಿಮಾ ಕಟೌಟಿನವರು, ನಾಟಕದ ಪರದೆಯವರು ಎಲ್ಲರೂ ಬಲ್ಲ ವಿದ್ಯೆ ಇದು. ಪರದೆ ಎಂದಮೇಲೆ ಗುಬ್ಬಿಯನ್ನು ನೆನೆಯದೆ ಹೋಗುವುದು ಹೇಗೆ? 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಮೆರೆದ ಆ ನಾಟಕ ಕಂಪನಿಯ ಪರದೆಗಳನ್ನು ನೋಡಲೆಂದೇ ಜನ ಬರುತ್ತಿದ್ದರು. ಆದರೆ ಪರದೆಯ ಅರಮನೆ ಹಿಂದಿನ ಸಾಲಿನವರಿಗೂ ಕಾಣಬೇಕು. ಹಾಲ್‌ನ ಮುಖಚಿತ್ರವನ್ನು ಎರಡಡಿ ದೂರದಿಂದ ನೋಡುತ್ತಾರೆ. ದೊಡ್ಡದಾಗಿ ಚೆನ್ನಾಗಿ ಬರೆಯುವವರೆಲ್ಲ ಚಿಕ್ಕ ಮುಖವನ್ನು ಚೆನ್ನಾಗಿ ಬರೆಯುತ್ತಾರೆ ಎಂದುಕೊಳ್ಳಬೇಡಿ. ಅವರು ಬರೆದ ಒಂದು ಮುಖ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ರೇಖೆಯಾದ ಮೇಲೆ ಬರ್ನ್ಟ್ ಅಂಬರ್‌ನಂಥ ಕಂದು ಬಣ್ಣ ಒಂದರಲ್ಲೇ ಇಡೀ ಚಿತ್ರ ಬರೆಯುತ್ತಾರೆ. ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿ ತೆಗೆಯುತ್ತಾರೆ, ನೆರಳಿಗೆ ಇನ್ನಷ್ಟು ಒತ್ತುತ್ತಾರೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಅಡಿಪದರಕ್ಕೆ ಅದನ್ನು ಆರಿಸುವುದಕ್ಕೆ ಅದೂ ಒಂದು ಕಾರಣ. ಚಿತ್ರ ಬರೆಸಿದವರು ತಪ್ಪದೆ ಹೋಗಿ ನೋಡಬೇಕಾದ ಹಂತ ಇದೇ. ಈ ಕಂದು ಚಿತ್ರದಲ್ಲೇ ಮುಖ ಹೋಲಬೇಕು. ಕಣ್ಣುಗಳ ನಡುವಿನ ಅಂತರ, ಮೂಗಿನ ಬುಡದ ನೆರಳು, ಗದ್ದದ ತಿರುವು ಇಲ್ಲಿ ತಪ್ಪಿದ್ದರೆ ಮೇಲೆ ಎಷ್ಟು ಬಣ್ಣ ಹಚ್ಚಿದರೂ ಅದು ಬೇರೆ ಯಾರದೋ ಮುಖ. ಹೇಳುವುದಿದ್ದರೆ ಈಗಲೇ ಹೇಳಿ. ಬಣ್ಣ ಮುಗಿದ ಮೇಲೆ “ಮೇಷ್ಟ್ರೇ, ಮೂಗು ಸ್ವಲ್ಪ ಉದ್ದ ಆಯ್ತೇನೋ” ಎಂದರೆ ಅವರೇನು ಮಾಡಿಯಾರು?

ಆಮೇಲೆ ಬಣ್ಣ. ತೈಲವರ್ಣದಲ್ಲಿ ಪುಡಿಬಣ್ಣವನ್ನು ಹಿಡಿದಿಡುವುದು ಅಗಸೆ ಎಣ್ಣೆ. ಟರ್ಪಂಟೈನ್ ಆರಿ ಹೋಗುತ್ತದೆ, ಅಗಸೆ ಎಣ್ಣೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು ಬೇಕು, ದಪ್ಪ ಹಚ್ಚಿದ ಕಡೆ ವಾರಗಳು ಬೇಕು. ಆದ್ದರಿಂದ ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಹೆಚ್ಚು. ಇದನ್ನು ತಿರುಗುಮುರುಗು ಮಾಡಿದರೆ, ಗಾರೆ ಆರುವ ಮೊದಲೇ ಪೇಂಟು ಹೊಡೆದ ಗೋಡೆಗೆ ಆಗುವುದೇ ಚಿತ್ರಕ್ಕೂ ಆಗುತ್ತದೆ: ಮೇಲಿನದು ಗಟ್ಟಿಯಾಗಿ ಕೆಳಗಿನದು ಕದಲಿ ಬಿರುಕು ಬಿಡುತ್ತದೆ. ನಮ್ಮ ಬಯಲುಸೀಮೆಯ ಒಣ ಗಾಳಿ ಈ ಕೆಲಸಕ್ಕೆ ಅನುಕೂಲ. ಮಲೆನಾಡಿನ ಮಳೆಗಾಲದಲ್ಲಿ ಇದೇ ಪದರ ಒಣಗಲು ಇನ್ನೂ ತಡವಾಗುತ್ತದೆ. ಮುಖವೊಂದಕ್ಕೆ ಎರಡು ತಿಂಗಳು ಕೇಳುವ ಕಲಾವಿದರನ್ನು ನಂಬಿ. ನಾಲ್ಕು ದಿನ ಎನ್ನುವವರು ಅಕ್ರಿಲಿಕ್‌ನಲ್ಲಿ ಬರೆಯುತ್ತಾರೆ, ಇಲ್ಲವೇ ಪ್ರಿಂಟಿನ ಮೇಲೆ ಕುಂಚ ಆಡಿಸುತ್ತಾರೆ.

ಬಣ್ಣದ ಡಬ್ಬಿಯೂ ದೊಡ್ಡದೇನಲ್ಲ. ರೆಂಬ್ರಾಂಟ್ ಬಳಸಿದ್ದು ಹೆಚ್ಚಾಗಿ ಮಣ್ಣುಬಣ್ಣಗಳು: ಹಳದಿ ಮಣ್ಣು, ಕೆಮ್ಮಣ್ಣು, ಅಂಬರ್, ಮೂಳೆ ಸುಟ್ಟ ಕಪ್ಪು, ಸೀಸದ ಬಿಳುಪು, ಸ್ವಲ್ಪ ಇಂಗಲಿಕ. ಸೀಸ ವಿಷ, ಈಗ ಅದರ ಬದಲು ಟೈಟಾನಿಯಂ ಬಿಳುಪು ಬಳಸುತ್ತಾರೆ. ಟ್ಯೂಬಿನ ಬಣ್ಣಗಳಲ್ಲಿ ವಿದ್ಯಾರ್ಥಿ ದರ್ಜೆ, ಕಲಾವಿದ ದರ್ಜೆ ಎಂದು ಎರಡುಂಟು. ಯಾವುದರಲ್ಲಿ ಬರೆಯುತ್ತೀರಿ ಎಂದು ಮೊದಲೇ ಕೇಳಿ, ದರದ ವ್ಯತ್ಯಾಸ ಅಲ್ಲೇ ಅರ್ಥವಾಗುತ್ತದೆ.

ಕೊನೆಗೆ ಬರುವ ಸೂಕ್ಷ್ಮ ಇಡೀ ಶೈಲಿಯ ಜೀವ. ಬೆಳಕು ಬಿದ್ದ ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಯ ಮೇಲೆ ಬಣ್ಣವನ್ನು ದಪ್ಪವಾಗಿ ಇಡುತ್ತಾರೆ. ನೆರಳಿಗೆ ಎಣ್ಣೆಯಲ್ಲಿ ತೆಳುಮಾಡಿದ ಪಾರದರ್ಶಕ ಬಣ್ಣವನ್ನು ಒಂದರ ಮೇಲೊಂದು ಬಳಿಯುತ್ತಾರೆ. ಆಗ ನೆರಳಿಗೆ ಆಳ ಬರುತ್ತದೆ. ಟ್ಯೂಬಿನ ಕಪ್ಪನ್ನು ಹಾಗೇ ಬಳಿದ ಹಿನ್ನೆಲೆ ಟಾರು ಹಾಕಿದಂತೆ ಸತ್ತು ಕೂರುತ್ತದೆ. ವರ್ಮೀರ್‌ನ ಹುಡುಗಿಯ ಹಿಂದಿನ ಕತ್ತಲೆಯೂ ಮೊದಲು ಬರಿಯ ಕಪ್ಪಾಗಿರಲಿಲ್ಲ. ಅಲ್ಲಿ ಹಸಿರು ಪರದೆಯೊಂದಿತ್ತು, ಆ ಪಾರದರ್ಶಕ ಹಸಿರು ಕಾಲಕ್ರಮೇಣ ಮಾಸಿತು ಎಂದು 2018ರಲ್ಲಿ ಹೇಗ್ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯ ನಡೆಸಿದ ಪರೀಕ್ಷೆಯಿಂದ ತಿಳಿಯಿತು.

ಅದೇ ಹುಡುಗಿಯ ಓಲೆಯನ್ನು ಹಿಗ್ಗಿಸಿ ನೋಡಿ. ಮುತ್ತಿಗೆ ಸುತ್ತುಗೆರೆಯೇ ಇಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಮೇಲೊಂದು ಬಿಳಿ ಚುಕ್ಕೆ, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟೇ. ಉಳಿದ ಮುತ್ತನ್ನು ನಮ್ಮ ಕಣ್ಣೇ ಕಟ್ಟಿಕೊಳ್ಳುತ್ತದೆ. ಮೂಗಿನ ಬೆನ್ನಿಗೂ ಆಚೆ ಕೆನ್ನೆಗೂ ನಡುವೆ ಕೂಡ ಗೆರೆಯಿಲ್ಲ, ಎರಡೂ ಒಂದೇ ಬಣ್ಣದಲ್ಲಿ ಕರಗಿವೆ. ಕಚ್ಚಾ ಕೈಯವರು ಈ ಎರಡೂ ಕಡೆ ಗೆರೆ ಎಳೆದುಬಿಡುತ್ತಾರೆ. ನಕಲಿನ ಗುಣಮಟ್ಟ ನೋಡಲು ನನಗೆ ಗೊತ್ತಿರುವ ಅತಿ ಸುಲಭದ ಪರೀಕ್ಷೆ ಇದು.

ಕೈಚಿತ್ರವೋ, ಪ್ರಿಂಟೋ

ಕ್ಯಾನ್ವಾಸಿನ ಮೇಲೆ ಪ್ರಿಂಟು ಹೊಡೆದು, ಮೇಲೆ ಪಾರದರ್ಶಕ ಜೆಲ್‌ನಿಂದ ಕುಂಚದ ಗೀರು ಎಬ್ಬಿಸಿ ಕೈಚಿತ್ರವೆಂದು ಮಾರುವುದು ಮಾಮೂಲು. ಈ ಉಪಾಯ ಹಳೆಯದೇ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಅಚ್ಚುಕೂಟದ ಓಲಿಯೊಗ್ರಾಫ್‌ಗಳಿಗೂ ತೈಲಚಿತ್ರದ ಮೆರುಗು ಕೊಡುತ್ತಿದ್ದರು. ಆದರೆ ಅವು ಅಚ್ಚಿನ ಚಿತ್ರವೆಂದೇ ಮಾರಾಟವಾದವು.

ಪತ್ತೆ ಹಚ್ಚಲು ಮೊಬೈಲಿನ ಟಾರ್ಚು ಸಾಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಚಿತ್ರದ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕನ್ನು ಮೇಲ್ಮೈ ಸವರಿಕೊಂಡು ಹೋಗುವಂತೆ ಬಿಡಿ. ಕೈಚಿತ್ರದಲ್ಲಿ ಹಣೆ, ಮೂಗಿನ ಬಳಿ ಬಣ್ಣ ಉಬ್ಬಿರುತ್ತದೆ, ನೆರಳು ಚಪ್ಪಟೆಯಾಗಿರುತ್ತದೆ, ಗೀರುಗಳು ಕೆನ್ನೆಯ ತಿರುವಿನಂತೆ ತಿರುಗುತ್ತವೆ. ಜೆಲ್ ಬಳಿದದ್ದರಲ್ಲಿ ಬೆಳಕು ನೆರಳು ಎರಡರ ಮೇಲೂ ಒಂದೇ ದಪ್ಪದ ಗೀರು, ಕೆಳಗಿನ ಚಿತ್ರಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಭೂತಗನ್ನಡಿಯಲ್ಲಿ ಬಣ್ಣಬಣ್ಣದ ಚುಕ್ಕೆ ಕಂಡರಂತೂ ಮಾತೇ ಬೇಡ. ಪ್ರಿಂಟನ್ನು ಪ್ರಿಂಟಿನ ಬೆಲೆಗೆ ಕೊಳ್ಳುವುದು ಖಂಡಿತ ತಪ್ಪಲ್ಲ.

ಆನ್‌ಲೈನ್‌ನಲ್ಲಿ ತರಿಸುವ ಅನೇಕ ‘ಹ್ಯಾಂಡ್ ಪೇಂಟೆಡ್’ ಚಿತ್ರಗಳು ಚೀನಾದ ಶೆನ್‌ಜೆನ್ ಬಳಿಯ ದಾಫೆನ್‌ನಂಥ ಕಡೆ ತಯಾರಾಗುತ್ತವೆ. ಅಲ್ಲಿ ಒಳ್ಳೆಯ ಕೈಗಳಿವೆ. ಆದರೆ ಅಲ್ಲಿಗೆ ಹೋಗಿ ಕಂದು ಪದರ ನೋಡಿ ಬರಲು ನಮ್ಮಿಂದಾಗದು. ಹತ್ತಿರದವರಿಂದ ಬರೆಸುವುದರ ಲಾಭ ಅದೇ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಕೆನ್ ಕಲಾಶಾಲೆಯಲ್ಲಿ ಕಲಿತವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಹಲವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ವರ್ಷದ ಆರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಹೋದರೆ ನೂರಾರು ಕೈಗಳನ್ನು ಒಂದೇ ದಿನ ನೋಡಬಹುದು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಬೋರ್ಡು ಕಲಾವಿದರಲ್ಲೂ ಮುಖ ಚೆನ್ನಾಗಿ ಹಿಡಿಯುವವರಿದ್ದಾರೆ. ದರವನ್ನು ಕೆಲವರು ಚದರಡಿ ಲೆಕ್ಕದಲ್ಲಿ ಹೇಳುತ್ತಾರೆ, ಕೆಲವರು ತಲೆ ಲೆಕ್ಕದಲ್ಲಿ. ಹಣವನ್ನು ಮೂರು ಪಾಲು ಮಾಡಿ: ಒಪ್ಪಿಸುವಾಗ ಒಂದು, ಕಂದು ಪದರ ನೋಡಿದ ಮೇಲೆ ಒಂದು, ಚಿತ್ರ ಕೈಗೆ ಬಂದಾಗ ಉಳಿದದ್ದು.

ನಕಲು ಬರೆಯುವುದು ಕೀಳು ಕೆಲಸ ಎನ್ನುವ ಕಲಾವಿದರು ಸಿಕ್ಕರೆ ಅವರಿಗೊಂದು ಮಾತು ಹೇಳಬಹುದು. ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಹೋದವನು ತನಗಿಂತ ಹಿಂದಿನ ಚಿತ್ರಕಾರ ಟಿಷಿಯನ್‌ನ ಚಿತ್ರಗಳ ನಕಲು ಬರೆಯುತ್ತಾ ಕೂತಿದ್ದ. ರೆಂಬ್ರಾಂಟ್ ನಮ್ಮ ಮೊಗಲ್ ಕಿರುಚಿತ್ರಗಳನ್ನು ನೋಡಿ ನಕಲು ಮಾಡಿದ್ದಾನೆ. ಆ ನಕಲುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ.

ಇನ್ನೊಂದು ದಾರಿಯೂ ಉಂಟು: ಯಾರೋ ಡಚ್ ಮುದುಕನ ಬದಲು ನಮ್ಮ ತಾತನನ್ನೇ ಆ ಬೆಳಕಿನಲ್ಲಿ ಬರೆಸುವುದು. ಇದಕ್ಕೆ ಫ್ಲ್ಯಾಶ್ ಹೊಡೆದ ಫೋಟೊ ಬರುವುದಿಲ್ಲ, ಅದರಲ್ಲಿ ನೆರಳೇ ಇರುವುದಿಲ್ಲ. ಹಿರಿಯರು ಬದುಕಿದ್ದರೆ ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂರಿಸಿ. ನೆರಳಿನ ಕಡೆಯ ಕೆನ್ನೆಯಲ್ಲಿ, ಕಣ್ಣಿನ ಕೆಳಗೆ, ಬೆಳಕಿನ ಸಣ್ಣ ತ್ರಿಕೋನ ಮೂಡುವವರೆಗೆ ಮುಖ ತಿರುಗಿಸಿ ಫೋಟೊ ತೆಗೆಯಿರಿ. ಮದುವೆ ಫೋಟೊ ತೆಗೆಯುವವರಲ್ಲಿ ಬಹುಮಂದಿಗೆ ಇದು ರೆಂಬ್ರಾಂಟ್ ಲೈಟಿಂಗ್ ಎಂದೇ ಗೊತ್ತು. ಫೋಟೊ ನೋಡಿ ಬರೆದದ್ದು ಎರಡನೇ ದರ್ಜೆ ಎನ್ನಬೇಕಿಲ್ಲ: ಮೈಸೂರು ಅರಮನೆಯ ಕಲ್ಯಾಣ ಮಂಟಪದ ದಸರಾ ಮೆರವಣಿಗೆಯ ಚಿತ್ರಗಳೂ ಫೋಟೊಗಳ ಆಧಾರದಲ್ಲಿ ಬರೆದವೇ.

ಗೋಡೆಗೆ ಬಂದ ಮೇಲೆ

ಕಟ್ಟು ಹಾಕುವ ಅಂಗಡಿಯವರು ಅಭ್ಯಾಸಬಲದಿಂದ ಗಾಜು ಒತ್ತಿ ಕೂರಿಸುತ್ತಾರೆ. ತೈಲಚಿತ್ರಕ್ಕೆ ಗಾಜು ಬೇಡವೆಂದು ಖಡಾಖಂಡಿತವಾಗಿ ಹೇಳಿ. ಡಚ್ ಚಿತ್ರಕ್ಕೆ ಅಗಲವಾದ ಕಪ್ಪು ಮರದ ಕಟ್ಟು ಒಪ್ಪುತ್ತದೆ. ಬಂಗಾರದ ಬಣ್ಣ ಬೇಕೇ ಬೇಕೆಂದರೆ ಒಳಗೊಂದು ತೆಳು ಪಟ್ಟಿ ಸಾಕು.

ನಮ್ಮಲ್ಲಿ ಫೋಟೊಗಳು ಬಾಗಿಲ ಮೇಲೆ, ಜಂತೆಯ ಹತ್ತಿರ ತೂಗುತ್ತವೆ. ಈ ಚಿತ್ರ ಅಲ್ಲಿಗೆ ಹೋದರೆ ನೆರಳಿನ ಕೆಲಸವೆಲ್ಲ ದಂಡ. ನಡುಭಾಗ ನೆಲದಿಂದ ಸುಮಾರು ಐದಡಿಗೆ ಬರಲಿ. ಹಳೆಯ ಮನೆಗಳಲ್ಲಿ ಫೋಟೊವನ್ನು ಮುಂದಕ್ಕೆ ಬಾಗಿಸಿ ತೂಗುತ್ತಿದ್ದರಲ್ಲ, ಅದನ್ನು ಮಾತ್ರ ಉಳಿಸಿಕೊಳ್ಳಿ: ತುಸು ಬಾಗಿದರೆ ವಾರ್ನಿಷ್‌ನ ಪ್ರತಿಫಲನ ಕಣ್ಣಿಗೆ ಹೊಡೆಯುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆ, ದೇವರ ಮನೆಯ ಕರ್ಪೂರದ ಹೊಗೆ ಬರುವ ಜಾಗ ಬೇಡ. ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ಚೂರು ಅಂಟಿಸಿ ಗಾಳಿಯಾಡಲು ಬಿಡಿ. ತಾತನ ಚಿತ್ರವಾದರೆ ಹಣೆಗೆ ಕುಂಕುಮ ಹಚ್ಚುವ ಆಸೆಯನ್ನು ಮನೆಯವರೆಲ್ಲ ತಡೆದುಕೊಳ್ಳಬೇಕು. ಧೂಳಿಗೆ ಮೆತ್ತನೆಯ ಒಣ ಕುಂಚವೇ ಸಾಕು, ಒದ್ದೆ ಬಟ್ಟೆ ಬೇಡ. ಊರು ಬಿಟ್ಟು ಹೋಗುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಬೇಡಿ. ಕತ್ತಲೆಯಲ್ಲಿಟ್ಟರೆ ಅಗಸೆ ಎಣ್ಣೆ ಹಳದಿ ತಿರುಗುತ್ತದೆ.

ಚಿತ್ರ ಕೈಗೆ ಬಂದ ದಿನ ಹಿಂಬದಿಯಲ್ಲಿ ಕಲಾವಿದರ ಹೆಸರು, ವರ್ಷ, ಯಾರ ಮೂಲಚಿತ್ರದ ಪ್ರತಿ ಎಂಬುದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಕೊನೆಯ ವಾರ್ನಿಷ್ ಮಾತ್ರ ಆಗಲೇ ಬೇಡ. ಬಣ್ಣ ಒಳಗಿನವರೆಗೂ ಗಟ್ಟಿಯಾಗಲು ಆರು ತಿಂಗಳಾದರೂ ಬೇಕು, ದಪ್ಪ ಬಣ್ಣವಿದ್ದರೆ ವರ್ಷ. ಆಮೇಲೆ ಬಂದು ವಾರ್ನಿಷ್ ಹೊಡೆದುಕೊಡುವ ಕೂಲಿಯನ್ನೂ ಮೊದಲ ದಿನದ ಮಾತಿನಲ್ಲೇ ಸೇರಿಸಿಕೊಳ್ಳಿ.